ಅವ್ವನ ಹೆಸರಿನ ಮೇಲ್ ವಿಳಾಸ

ನನ್ನ ತಲೆಯ ಎಡಗಡೆ ಒಂದಿಷ್ಟು ಜಾಗದಲ್ಲಿ ಕೂದಲು ಬರುವುದಿಲ್ಲ. ಅಣ್ಣ ಕಿತ್ತದ್ದು. ಈಮೇಲ್ ಸಲುವಾಗಿ ಕಿತ್ತ ಅಂದರೆ ಜನ ನಗುತ್ತಾರೆ. ನಗಲಿ, ಅವರ ಗಂಟೇನು ಹೋಗುತ್ತದೆ.

ಯಳವಿ ಊರಿನ ದಾರಿಯಲ್ಲಿ ನಮ್ಮದು ಒಣದ್ರಾಕ್ಷಿ ಶೆಡ್ಡು. ಅಪ್ಪ ತೀರಿಕೊಂಡ ಮೇಲೆ ಮಾಲನ್ನು ಅಣ್ಣ, ತಮ್ಮ ನೋಡುತ್ತಿದ್ದರು. ಫೋನು, ಈಮೇಲು ಗಂಡನ ಮನೆ ಬಿಟ್ಟು ಬಂದ ನನ್ನ ಪಾಲಿಗೆ. ಪುಕ್ಕಟೆ ಈಮೇಲ್ ವಿಳಾಸದಿಂದ ಬರೆದರೆ ದೊಡ್ಡ ಗಿರಾಕಿ ನಂಬುವುದಿಲ್ಲ, ದುಡ್ಡು ಕೊಟ್ಟು ಸ್ವಂತ ಹೆಸರಿನ ವಿಳಾಸ, ಡೊಮೇನ್, ತೆಗೆದುಕೊಳ್ಳಿ ಎಂದು ಸೋಲಾಪುರದ ವ್ಯಾಪಾರಿಯೊಬ್ಬರು ಹೇಳಿದ್ದರು. ತೆಗೆದುಕೊಂಡೆ. ಶೆಡ್ಡಿಗೆ ಅವ್ವನ ಹೆಸರಿತ್ತು, ವಿಳಾಸಕ್ಕೂ ಅದನ್ನೇ ಇಟ್ಟೆ. ಶಾಲೆಯ ಮೆಟ್ಟಿಲು ಹತ್ತದ ಅವ್ವ ಮೊಬೈಲಿನ ಮೇಲೆ ಬೆರಳಾಡಿಸಿ, "ಇದು ನಾನೇನ?" ಎಂದಿದ್ದಳು. ನನಗೆ ಹೆಮ್ಮೆಯಾಗಿತ್ತು.

ಅಣ್ಣ ತಮ್ಮ ಬೇರೆಯಾದಾಗ ಹಿರಿಯರು ಕೂತು ಹೊಲ, ಶೆಡ್ಡು ಹಂಚಿದರು. ಬಾವಿ ಹಂಚಲಾಗದು, ಅದಕ್ಕೆ ಪಾಳಿ: ಒಂದು ವಾರ ಅಣ್ಣನಿಗೆ ನೀರು, ಒಂದು ವಾರ ತಮ್ಮನಿಗೆ. ಮೇಲ್ ಏನು ಮಾಡುವುದು ಎಂದು ಕೇಳಿದೆ.

"ಅದಕ್ಕೂ ಪಾಳಿ ಹಚ್ಚರಿ," ಎಂದರು ಒಬ್ಬ ಹಿರಿಯರು.

ನೀರು ಯಾವ ವಾರ ಎತ್ತಿದರೂ ನೀರೇ. ಮೇಲ್ ಹಾಗಲ್ಲ, ಯಾರ ವಾರದಲ್ಲಿ ಬಂತೋ ಆರ್ಡರ್ ಅವರದಾಗುತ್ತದೆ, ಜಗಳ ಆಗುತ್ತದೆ ಎಂದೆ. ಹೆಣ್ಣುಮಗಳ ಮಾತು, ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಅಣ್ಣನ ಪಾಳಿಯಲ್ಲಿ ಸೋಲಾಪುರದವರ ದೊಡ್ಡ ಆರ್ಡರ್ ಬಂತು. ಪಾಸ್‌ವರ್ಡ್ ಇಬ್ಬರಿಗೂ ಗೊತ್ತಿತ್ತು; ತಮ್ಮ ಕದ್ದು ತೆರೆದು, ಮಾಲು ತಾನೇ ಕಳಿಸುತ್ತೇನೆಂದು ಉತ್ತರ ಬರೆದ. ಮರುದಿನ ಮುಂಜಾನೆ ಅಣ್ಣ ಬಡಿಗೆ ಹಿಡಿದು ಶೆಡ್ಡಿಗೆ ನುಗ್ಗಿದ.

"ನನ್ನ ಪಾಳ್ಯಾಗ ಕೈ ಹಾಕ್ತಿಯೇನಲೇ?"

ಮೊದಲ ಏಟಿಗೇ ತಮ್ಮನ ಮೊಣಕೈ ಲಟಕ್ ಎಂದಿತು. ತಮ್ಮ ಇನ್ನೊಂದು ಕೈಯಲ್ಲಿ ತೂಕದ ಕಲ್ಲೆತ್ತಿ ಅಣ್ಣನ ಬಾಯಿಗೆ ಹೊಡೆದ. ಹಲ್ಲು ಮುರಿದು, ರಕ್ತ ಒಣಹಾಕಿದ ದ್ರಾಕ್ಷಿಯ ಮೇಲೆಲ್ಲ ಸಿಡಿಯಿತು. ನಾನು ನಡುವೆ ಹೋದೆ. ಅಣ್ಣ ನನ್ನ ಕೂದಲನ್ನು ಮುಷ್ಟಿಗೆ ಸುತ್ತಿಕೊಂಡು ತಲೆಯನ್ನು ಕಂಬಕ್ಕೆ ಅಪ್ಪಳಿಸಿದ.

"ಪಾಸ್‌ವರ್ಡ್ ಬದಲಿ ಮಾಡು. ನನಗೊಬ್ಬಗ ಕೊಡು."

ನೆಲಕ್ಕೆ ಬಿದ್ದಿದ್ದ ತಮ್ಮ, "ಅವಗ ಕೊಟ್ಟಿ ಅಂದ್ರ ನಿನ್ನೂ ಕಡೀತೀನಿ, ಅಕ್ಕ," ಎಂದ. ಇಬ್ಬರನ್ನೂ ಅಲ್ಲೇ ಹೂಳಿಬಿಡುವಷ್ಟು ಸಿಟ್ಟು ಬಂತು ನನಗೆ.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಿದ್ದಳೋ.

"ಯಾತಕ್ಕ ಬಡದಾಡಾಕತ್ತಾರ?"

"ನಿನ್ನ ಹೆಸರಿನ ಸಲುವಾಗಿ, ಅವ್ವ."

ಅವಳು ಅಳಲಿಲ್ಲ. ಅಣ್ಣನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನನ್ನ ತಲೆ ಬಿಡಿಸಿದಳು.

"ಅದನ್ನ ಅಳಿಸಿಬಿಡು. ಈಗ, ನನ್ನ ಮುಂದ."

ಅಣ್ಣ ರಕ್ತದ ಬಾಯಲ್ಲೇ "ಬ್ಯಾಡ, ಬ್ಯಾಡ" ಎನ್ನುತ್ತಿದ್ದ. ನಾನು ಮೊಬೈಲ್ ತೆಗೆದು ವಿಳಾಸ ಅಳಿಸಿದೆ.

ತಮ್ಮನನ್ನು ಡಫಳಾಪುರದ ದವಾಖಾನೆಗೆ ಒಯ್ಯುವಾಗ ಜೀಪಿನಲ್ಲಿ ಸೋಲಾಪುರದವರ ಫೋನ್ ಬಂತು. ಬರೆದ ಮೇಲ್ ವಾಪಸ್ ಬಂದಿದೆ, ಆ ಹೆಸರಿನವರು ಯಾರೂ ಇಲ್ಲ ಎಂದು ತೋರಿಸುತ್ತಿದೆ ಎಂದರು. ಪಕ್ಕದಲ್ಲಿ ಅವ್ವ, ಮಗನ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಖರೇನ ಐತ್ರಿ," ಎಂದೆ. "ಯಾರೂ ಇಲ್ಲ."