ಸಸಿಯವ್ವನ ಪುಂಡಿ ಮಡಿ

ಆಕೆಯ ಸೀರೆಯ ಎಡಮಗ್ಗುಲು ಸದಾ ಒದ್ದೆ. ಸೊಂಟದ ಹತ್ತಿರ ಅಂಗೈಯಗಲ ತೇವ, ಅದರ ಸುತ್ತ ಒಣಗಿದ ನೀರಿನ ಕಲೆ. ಹೊಸಬರು ನೋಡಿದರೆ ಈ ಮುದುಕಿಗೆ ಏನೋ ಕಾಯಿಲೆ ಎಂದುಕೊಳ್ಳಬೇಕು. ಕಾಯಿಲೆ ಏನೂ ಇರಲಿಲ್ಲ. ನೆನೆಸಿದ ಬೀಜವನ್ನು ಹಳೆಯ ಧೋತರದ ಚೂರಿನಲ್ಲಿ ಕಟ್ಟಿ, ಆ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಮೂರು ದಿನ ಓಡಾಡುತ್ತಿದ್ದಳು. ಮೈಯ ಬಿಸಿಗೆ ಬೀಜ ಬಾಯಿ ಬಿಡುತ್ತಿತ್ತು. ಬಿಳಿ ತುದಿ ಕಾಣಿಸಿದ ಮೇಲೆಯೇ ಅದಕ್ಕೆ ಮಣ್ಣು.

"ಒಲೆ ಮಗ್ಗುಲಿಗೆ ಇಟ್ರೆ ಆಗಲ್ಲೇನು?" ಎಂದು ನಾನೊಮ್ಮೆ ಕೇಳಿದ್ದೆ.

"ಒಲಿ ಒಮ್ಮಿ ಉರಿತೈತಿ, ಒಮ್ಮಿ ಆರ್ತೈತ್ರಿ ಮಾಸ್ತರ್ರ. ನನ್ನ ಮೈ ಆರಿದ ದಿನ ಬೀಜದ ಚಿಂತಿ ನನಗ್ಯಾಕ?" ಎಂದು ನಕ್ಕಳು.

ನಾನು ಹರಪನಹಳ್ಳಿಯವನು. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯ ಒಂದು ಊರಿನಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾಗಿ ಹಲವು ವರ್ಷ ಇದ್ದೆ. ನನ್ನ ಬಾಡಿಗೆ ಮನೆಯ ಎದುರಿಗೇ ಆಕೆಯ ಹಿತ್ತಲು. ಮಣ್ಣಿನ ಮಡಿ ಕಟ್ಟಿ ಮೆಣಸಿನಕಾಯಿ, ಬದನೆ, ಟೊಮೆಟೊ ಸಸಿ ಬೆಳೆಸಿ ಮಾರುವುದು ಕಸುಬು. ಊರಿಗೆಲ್ಲ ಆಕೆ ಸಸಿಯವ್ವ. ಹಂಪಸಾಗರದಿಂದ, ಅತ್ತ ಹೊಳಲಿನಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಗಂಡ ಎಂದೋ ತೀರಿಕೊಂಡಿದ್ದ, ಮಗಳು ಕೂಡ್ಲಿಗಿಯಲ್ಲಿ ಸಂಸಾರ ಹೂಡಿದ್ದಳು. ಪಾಪ ಒಬ್ಬಳೇ ಎಂದು ಯಾರಾದರೂ ಮರುಗಿದರೆ ಆಕೆಗೆ ಸಿಟ್ಟು ಬರುತ್ತಿತ್ತು. "ಮಡ್ಯಾಗ ಇಷ್ಟು ಮಂದಿ ಅದಾವ, ಕಣ್ಣು ಕಾಣಂಗಿಲ್ಲೇನು?" ಎನ್ನುತ್ತಿದ್ದಳು.

ಮೊಳಕೆಗೆ ನೀರು ಹೊಯ್ಯುವುದನ್ನು ಆಕೆ ಯಾರಿಗೂ ಬಿಡುತ್ತಿರಲಿಲ್ಲ. ಬೇವಿನ ಸೊಪ್ಪಿನ ಕಟ್ಟನ್ನು ಚರಿಗೆಯಲ್ಲಿ ಅದ್ದಿ, ಮಡಿಯ ಮೇಲೆ ಮೆಲ್ಲಗೆ ಕೊಡಹುವುದು. ಮೊಳಕೆ ಮೇಲೆ ಬರುವ ತನಕ ಹುಲ್ಲಿನ ಮುಚ್ಚಿಗೆ. ಬಂದ ದಿನವೇ ಹುಲ್ಲು ತೆಗೆಯಬೇಕು, ಇಲ್ಲದಿದ್ದರೆ ಸಸಿ ಬೆಳಕಿಗಾಗಿ ಉದ್ದಕ್ಕೆ ಬೆಳೆದು ಸೊರಗುತ್ತದೆ. ಮಾರುವ ಮುಂಚೆ ಎರಡು ದಿನ ನೀರು ಕಟ್. ನನಗೆ ಪಾಪ ಅನಿಸುತ್ತಿತ್ತು. "ಇಲ್ಲಿ ಸೊಕ್ಕಿದ್ರ ಹೊಲದಾಗ ಸಾಯ್ತಾವ" ಎನ್ನುತ್ತಿದ್ದಳು.

ಒಮ್ಮೆ ಹಡಗಲಿ ಕಡೆಯ ಒಬ್ಬ ದೊಡ್ಡ ರೈತ ಕಾರಿನಲ್ಲಿ ಬಂದ. ಮೆಣಸಿನ ಸಸಿಯೊಂದನ್ನು ದಂಟು ಹಿಡಿದೆತ್ತಿ, ಬೇರು ಝಾಡಿಸಿ ನೋಡಿದ. ಸಸಿಯವ್ವ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು. "ಮರಿ ಸಸಿ ಎತ್ತೋವಾಗ ಎಲಿ ಹಿಡೀಬೇಕಪಾ. ಎಲಿ ಹ್ವಾದ್ರ ಇನ್ನೊಂದು ಬರ್ತೈತಿ, ದಂಟು ಹ್ವಾದ್ರ ಜೀವಾನ ಹೋತು. ನಿನಗ ಸಸಿ ಕೊಡಂಗಿಲ್ಲ, ಹೋಗು." ಆತ ನಗಾಡಿದ, ರೇಗಿದ, ಊರಿನ ಹಿರಿಯರ ಕೈಲಿ ಹೇಳಿಸಿದ. ಆಕೆ ಕೊಡಲಿಲ್ಲ. ಕಾರು ಬರಿದಾಗಿ ಹೋಯಿತು.

ಹಿತ್ತಲಿನ ಮೂಲೆಯಲ್ಲೊಂದು ಪುಂಡಿ ಮಡಿಯಿತ್ತು. ಅದು ಮಾರುವುದಕ್ಕಲ್ಲ. ಆಕೆ ಮಾಗಳದ ತವರಿನಿಂದ ಮದುವೆಯಾಗಿ ಬರುವಾಗ ತಾಯಿ ಉಡಿಯಲ್ಲಿ ಕಟ್ಟಿಕೊಟ್ಟ ಬೀಜ, ಕೆಂಪು ದಂಟಿನ ಹುಳಿಸೊಪ್ಪು ಪುಂಡಿ. ಪ್ರತಿ ವರ್ಷ ಬಿತ್ತಿ, ಸೊಪ್ಪನ್ನು ಓಣಿಗೆಲ್ಲ ಹಂಚಿ, ಕೊನೆಗೆ ಬೀಜ ಹಿಡಿಯುತ್ತಿದ್ದಳು. ಬೇರೆಯವರು ಪುಂಡಿ ಬೀಜವನ್ನು ಹೊಲದ ಬದುವಿಗೆ ಎರಚಿ ಮರೆತುಬಿಡುತ್ತಾರೆ. ಈಕೆ ಅದನ್ನೂ ಸೊಂಟಕ್ಕೆ ಕಟ್ಟಿ ಮೊಳಕೆ ಬರಿಸುತ್ತಿದ್ದಳು. ಪುಂಡಿ ಮರಿಯಾಗಿದ್ದಾಗ ಎಲೆ ದುಂಡಗಿರುತ್ತದೆ. ಮೊಣಕಾಲೆತ್ತರ ದಾಟಿದ ಮೇಲೆ ಎಲೆ ಸೀಳಿ ಐದು ಬೆರಳಾಗುತ್ತದೆ. ಆಗ ಗೊತ್ತಿಲ್ಲದವರ ಕಣ್ಣಿಗೆ ಅದು ಥೇಟ್ ಗಾಂಜಾ ಗಿಡ. ಆದರೆ ನಮ್ಮ ಸೀಮೆಯಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ? ರೊಟ್ಟಿಯ ಜೊತೆ ಪುಂಡಿಪಲ್ಯ ತಿಂದೇ ಎಲ್ಲರೂ ಬೆಳೆದದ್ದು.

ಒಂದು ಶ್ರಾವಣದ ಬೆಳಿಗ್ಗೆ ಆಕೆಯ ಹಿತ್ತಲ ಮುಂದೆ ಪೊಲೀಸ್ ಜೀಪು ನಿಂತಿತು. ಹೊಸದಾಗಿ ಬಂದ ಸಾಹೇಬರು, ಈ ಕಡೆಯವರಲ್ಲ. ಜೊತೆಗಿದ್ದ ಇಬ್ಬರು ಪೇದೆಗಳು ಇಲ್ಲೇ ಹುಟ್ಟಿ ಬೆಳೆದವರು. ಯಾರೋ ಪುಂಡಿ ಮಡಿಯ ಫೋಟೋ ತೆಗೆದು, ಮುದುಕಿ ಗಾಂಜಾ ಬೆಳೆದಿದ್ದಾಳೆಂದು ಸಾಹೇಬರ ಮೊಬೈಲಿಗೆ ಕಳಿಸಿದ್ದರು. ಸರ್ಕಾರಿ ನೌಕರ ಎಂಬ ಕಾರಣಕ್ಕೆ ಪಂಚನಾಮೆಗೆ ಸಾಕ್ಷಿಯಾಗಲು ನನ್ನನ್ನು ಕರೆಸಿದರು.

"ಸರ್, ಇದು ಪುಂಡಿ ಇದ್ದಂಗ ಐತ್ರಿ" ಎಂದು ಒಬ್ಬ ಪೇದೆ ಬಾಯೊಳಗೇ ಅಂದ.

"ನಿನ್ನನ್ನ ಕೇಳಿದ್ನಾ? ಕೀಳು" ಎಂದರು ಸಾಹೇಬರು. ಪೇದೆ ಬಗ್ಗಿ ಕೀಳತೊಡಗಿದ. ಹೂ ಬಿಟ್ಟು ಬೀಜ ಕಟ್ಟಬೇಕಿದ್ದ ಗಿಡಗಳು ರಾಶಿಯಾಗಿ ಬಿದ್ದವು.

ಸಸಿಯವ್ವ ಅಳಲಿಲ್ಲ. ಒಳಗೆ ಹೋಗಿ ಒಡೆದ ಗಡಿಗೆಯ ಅರ್ಧವೊಂದನ್ನು ಎತ್ತಿಕೊಂಡು ಬಂದಳು. ಅದರಲ್ಲಿ ಎರಡನೇ ಸಲಕ್ಕೆಂದು ಹಾಕಿದ್ದ ಪುಂಡಿ ಮರಿಗಳಿದ್ದವು. "ಸಾಹೇಬ್ರ, ಗಾಂಜಾ ನಾ ಕಾಣದ್ದಲ್ಲ. ಬಾವಾಗಳು ಸೇದೋದೂ ನೋಡೀನಿ, ಗಿಡಾನೂ ನೋಡೀನಿ. ಅದರ ಮರಿಗೆ ಮೊದಲ ಎಲಿಗೇ ಹಲ್ಲು ಇರ್ತಾವ. ಇವು ನನ್ನ ಮರಿ, ಇದೇ ಬೀಜದವು. ಎಲಿ ದುಂಡಗ ಅದಾವ ನೋಡ್ರಿ."

ಸಾಹೇಬರು ನೋಡಲಿಲ್ಲ. ಆಕೆಯ ಕೈ ಸರಿಸಿದ ರಭಸಕ್ಕೆ ಗಡಿಗೆ ಕೆಳಗೆ ಬಿತ್ತು. ಎಲೆ ದುಂಡಗಿದ್ದುದನ್ನು ನಾನು ನೋಡಿದೆ. ಪ್ರತಿ ವರ್ಷ ಬೋರ್ಡಿನ ಮೇಲೆ ಮೊಳಕೆಯ ಚಿತ್ರ ಬರೆದು, ಬೀಜದಳ ಯಾವುದು, ಮೊದಲ ಎಲೆ ಯಾವುದು ಎಂದು ಬಾಣದ ಗುರುತು ಹಾಕುತ್ತಿದ್ದವನು ನಾನು. ಆಕೆ ಹೇಳಿದ್ದು ಅಕ್ಷರಶಃ ಸರಿಯೆಂದು ಅಲ್ಲಿದ್ದವರಲ್ಲಿ ನನಗೇ ಹೆಚ್ಚು ಗೊತ್ತಿತ್ತು. "ಇಲ್ಲಿ ಸಹಿ ಮಾಡಿ ಮೇಷ್ಟ್ರೇ" ಎಂದರು. ಮಾಡಿದೆ. ಯಾಕೆಂದು ಕೇಳಿದರೆ ಉತ್ತರ ಒಂದೇ, ಹೆದರಿದೆ. ಆ ಸಹಿಯ ಬಲದ ಮೇಲೆ ಅರವತ್ತು ದಾಟಿದ ಒಬ್ಬ ಹೆಂಗಸು ಜೈಲಿಗೆ ಹೋಗುತ್ತಾಳೆಂಬುದು ತಿಳಿದೇ ಮಾಡಿದೆ.

"ಜೀಪ್ ಹತ್ತು" ಎಂದರು ಸಾಹೇಬರು.

ಸಸಿಯವ್ವ ಕಿತ್ತ ಮಡಿಯ ನಡುವೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು. "ನನಗ ಓದಾಕ ಬರಂಗಿಲ್ಲ. ಆ ಹಾಳ್ಯಾಗ ನನ್ನ ಬಗ್ಗೆ ಏನು ಬರದೈತಿ, ಮಾಸ್ತರ್ರು ಓದಿ ಹೇಳ್ಲಿ. ಹೇಳೂತನಕ ನಾ ಏಳಂಗಿಲ್ಲ. ಎತ್ತಿ ಒಯ್ತೀರೇನು? ಒಯ್ರಿ, ಮಂದಿ ನೋಡ್ಲಿ."

ಅಷ್ಟರಲ್ಲಿ ಗೋಡೆಯಾಚೆ ಓಣಿಯ ಜನ ಸೇರಿದ್ದರು. ಸಾಹೇಬರು ಬೇಸರದಿಂದ ಕಾಗದ ನನ್ನ ಕೈಗಿಟ್ಟರು. ನಾನು ಓದಿದೆ. ಹಿತ್ತಲಿನಲ್ಲಿ ಅಕ್ರಮವಾಗಿ ಬೆಳೆದ ಗಾಂಜಾ ಗಿಡಗಳು ಎಂಬಲ್ಲಿಗೆ ಬಂದು ತಲೆಯೆತ್ತಿ ಆಕೆಯನ್ನು ನೋಡಿದೆ.

"ಮೊನ್ನಿ ನಿಮ್ಮ ಮನಿಗೆ ಇದರದೇ ಪಲ್ಯ ಕೊಟ್ಟಿದ್ನೆಲ್ರಿ" ಎಂದಳು ಆಕೆ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಅದನ್ನ ಉಂಡೀನಿ ಅಂತಾನೂ ಬರೀರಿ."

ನಾನು ಬಗ್ಗಿ ರಾಶಿಯಿಂದ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡೆ. ಹುಳಿ ನೆತ್ತಿಗೇರಿತು. ಪೆನ್ನು ತೆಗೆದು ನನ್ನ ಸಹಿಯ ಮೇಲೆ ಎರಡು ಗೀಟು ಹೊಡೆದು, ಕೆಳಗೆ ಬರೆದೆ: ಇದು ಪುಂಡಿ. ಸಾಹೇಬರು ಕೂಗಾಡಿದರು. ಕೆಲಸ ಹೋದೀತು ಅಂದರು. ಆದರೆ ಕಿತ್ತ ಗಿಡ ಹಿಡಿದು ನಿಂತಿದ್ದ ಪೇದೆಯೂ ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡ. ಅದನ್ನು ನೋಡಿ ಇನ್ನೊಬ್ಬ ಪೇದೆಯೂ ತಿಂದ. ಗೋಡೆಯಾಚೆಯಿಂದ ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು ಒಳಗೇ ಬಂದಳು. "ಸಾಹೇಬ್ರ, ನಮ್ಮ ಮನ್ಯಾಗ ನಿನ್ನಿ ರಾತ್ರಿ ಇದಾ ಉಂಡೀವಿ. ನಮ್ಮ ಮ್ಯಾಲೂ ಕೇಸ್ ಹಾಕ್ರಿ" ಎಂದು ಹಿಡಿ ಸೊಪ್ಪು ಎತ್ತಿಕೊಂಡಳು. ಆಕೆಯ ಹಿಂದೆ ಇನ್ನೂ ನಾಲ್ವರು. ಇಡೀ ಹಿತ್ತಲು ಹಸಿ ಪುಂಡಿ ಅಗಿಯುತ್ತ ಮುಖ ಹುಳ್ಳಗೆ ಮಾಡಿಕೊಂಡು ನಿಂತಿತ್ತು. ಸಾಹೇಬರು ಕಾಗದ ಮಡಚಿ ಕಿಸೆಗೆ ಹಾಕಿಕೊಂಡು ಜೀಪು ಹತ್ತಿದರು. ತಪ್ಪಾಯಿತು ಎಂಬ ಒಂದು ಮಾತು ಬರಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಸಸಿಯವ್ವ ಆಗಲೇ ಮೊಣಕಾಲೂರಿ ಚೆಲ್ಲಿದ ಮರಿಗಳನ್ನು ಹುಡುಕುತ್ತಿದ್ದಳು. ಹೆಚ್ಚಿನವು ಬೂಟಿಗೆ ಸಿಕ್ಕಿ ಅರೆದುಹೋಗಿದ್ದವು. ಉಳಿದವನ್ನು ಒಂದೊಂದಾಗಿ ಎತ್ತಿ ಮತ್ತೆ ನೆಟ್ಟಳು. ನಾನು ನೆರವಿಗೆ ಹೋದಾಗ ಬೇಡ ಎನ್ನಲಿಲ್ಲ, ಮುಖ ನೋಡಲೂ ಇಲ್ಲ. ಆ ಕೆಲವೇ ಮರಿಗಳಿಂದ ಆ ವರ್ಷವೂ ಬೀಜ ಹಿಡಿದಳು. ಮುಂದಿನ ಮಳೆಗಾಲಕ್ಕೆ ಮೂಲೆಯ ಮಡಿಯನ್ನು ಬಿಟ್ಟು ರಸ್ತೆಗೆ ಎದುರಾಗಿ, ಹೋಗಿಬರುವ ಜೀಪಿಗೆಲ್ಲ ಕಾಣುವಂತೆ ಪುಂಡಿ ಹಾಕಿದಳು. ಸೊಪ್ಪು ನಮ್ಮ ಮನೆಗೂ ತಪ್ಪದೆ ಬರುತ್ತಿತ್ತು.

ನಾನಂತೂ ಊರಿಗೆ ಹೀರೋ ಆದೆ. ಸಾಹೇಬರ ಎದುರಿಗೇ ಎಲೆ ತಿಂದ ಮೇಷ್ಟ್ರು! ಕತೆ ಕೊಟ್ಟೂರಿನ ತನಕ ಹೋಯಿತು. ಪ್ರತಿ ಬಾಯಲ್ಲೂ ಅದು ಎಲೆ ತಿಂದಲ್ಲಿಂದಲೇ ಶುರುವಾಗುತ್ತಿತ್ತು, ನಾನೂ ಯಾರನ್ನೂ ತಿದ್ದಲಿಲ್ಲ. ನನಗೆ ವರ್ಗವಾದಾಗ ಶಾಲೆಯಲ್ಲಿ ಬೀಳ್ಕೊಡುಗೆ ಇಟ್ಟರು. ಮೂವರು ಭಾಷಣದಲ್ಲಿ ಅದೇ ಕತೆ ಹೇಳಿದರು. ಸಸಿಯವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ನೀವೂ ಎರಡು ಮಾತಾಡಿ ಎಂದು ಯಾರೋ ಮೈಕು ಕೊಟ್ಟರು.

"ಮಾಸ್ತರ್ರು ಎಲಿ ತಿಂದದ್ದು ಖರೇ" ಎಂದಳು. "ಆದ್ರ ಮೊದಲು ಸಹಿ ಹಾಕಿದ್ರು. ಅದನ್ನೂ ಹೇಳ್ರಿ."

ಸಭೆ ತಮಾಷೆಯೆಂದು ನಕ್ಕಿತು. ನಾನು ನಗಲಿಲ್ಲ. ಆಕೆಯೂ ನಗಲಿಲ್ಲ.

ಹೋದ ವರ್ಷ ಆಕೆ ತೀರಿಕೊಂಡಳು. ಸುದ್ದಿ ಕೇಳಿ ಹೋದಾಗ, ಬಂದವರೆಲ್ಲ ನನ್ನನ್ನು ತೋರಿಸಿ ಮತ್ತೆ ಎಲೆ ತಿಂದ ಕತೆಯನ್ನೇ ಹೇಳಿಕೊಂಡರು. ಮಿಕ್ಕ ಅರ್ಧವನ್ನು ಹೇಳುವ ಬಾಯಿ ಅಲ್ಲಿ ಮಲಗಿತ್ತು. ಆಕೆಗೆ ನಾನು ಕೊಡಬೇಕಾದದ್ದು ಅದೊಂದೇ, ಆದ್ದರಿಂದ ಈಗ ನಾನೇ ಹೇಳುತ್ತಿದ್ದೇನೆ. ಅದು ಪುಂಡಿ ಎಂದು ನನಗೆ ಗೊತ್ತಿತ್ತು. ಮೊದಲು ನಾನು ಸಹಿ ಹಾಕಿದೆ.