ಎರಡು ಮಂಚಗಳ ನಡುವೆ

ಒಬ್ಬನೇ ಬೀರು ಹೊತ್ತು ಮೂರು ಮಹಡಿ ಹತ್ತಿದ ದಿನದಿಂದ ಅವನಿಗೆ ಬೀರುಮಾವ ಎಂದೇ ಹೆಸರು. ಮನೆ ಬದಲಿಸುವವರ ಸಾಮಾನು ಸಾಗಿಸುವುದು ಅವನ ಕಸುಬು. ತೋಳ್ಬಲದ ಬಗ್ಗೆ ಎರಡು ಮಾತಿಲ್ಲ; ಇಂಗ್ಲಿಷ್ ಕಿವಿಗೆ ಬಿದ್ದರೆ ಮಾತ್ರ ಕಕ್ಕಾಬಿಕ್ಕಿ. ಒಮ್ಮೆ ಬಾಗಿಲಿಗೆ 'ನಿಯರ್' ಇಡು ಎಂದದ್ದಕ್ಕೆ ಬಾಗಿಲಿಗೇ ತಾಗಿಸಿ ಬೀರು ನಿಲ್ಲಿಸಿದ. ಬಾಗಿಲು ಅರ್ಧವೇ ತೆರೆದು, ಹೊಟ್ಟೆ ಬಂದ ಯಜಮಾನರು ಒಳಗೇ ಉಳಿದರು.

ಈಗ ತಂಡದ ಮುಖ್ಯಸ್ಥನ ಜಾಗ ಖಾಲಿಯಾಗಿತ್ತು. ಒಂದು ಮನೆಯನ್ನು ತಪ್ಪಿಲ್ಲದೆ ಜೋಡಿಸಿಕೊಟ್ಟರೆ ಆ ಜಾಗ ನಿನ್ನದೇ ಎಂದಿದ್ದ ಸೂಪರ್‌ವೈಸರ್. ಹೊಲಿಗೆ ಕೆಲಸದ ಹೆಂಡತಿ ಟೊಂಕ ಕಟ್ಟಿ ನಿಂತಳು. ಊಟದ ತಟ್ಟೆಯ ಮುಂದೆಯೇ ಪಾಠ.

"ಲೋಟ ತಟ್ಟೆಯಿಂದ ಸ್ವಲ್ಪ ದೂರ ಇದ್ರೂ ನಿಯರ್. ಮಗ್ಗುಲಲ್ಲೇ ಇದ್ರೆ ನೆಕ್ಸ್ಟ್ ಟು. ಗೋಡೆಗೆ ಒತ್ತಿ ಇಟ್ರೆ ಅಗೇನ್ಸ್ಟ್."

"ಮತ್ತೆ ನೀನು?"

"ನಾನು ನಿಮ್ಮ ತಲೆ ಮೇಲೆ. ಸುಮ್ನೆ ಊಟ ಮಾಡಿ."

ಪರೀಕ್ಷೆಗೆ ಸಿಕ್ಕಿದ್ದು ಮಗಳ ಮನೆಗೆ ಬಂದಿದ್ದ ಅಜ್ಜ ಅಜ್ಜಿಯ ಸಾಮಾನು. ಮಗಳು ಆಫೀಸಿನಿಂದ ಫೋನಿನಲ್ಲೇ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಿಸುತ್ತಿದ್ದಳು. ಮೇಜು ಗೋಡೆಗೆ ಅಗೇನ್ಸ್ಟ್, ಕುರ್ಚಿ ಕಿಟಕಿಗೆ ನೆಕ್ಸ್ಟ್ ಟು. ಬೀರುಮಾವ ಒಂದರಲ್ಲೂ ಎಡವಲಿಲ್ಲ. ಕೊನೆಗೆ ಉಳಿದದ್ದು ಎರಡು ಮಂಚ. ಒಂದಕ್ಕೊಂದು ನಿಯರ್ ಎಂದಳು. ಅವನು ಓಡಾಡುವಷ್ಟು ಜಾಗ ಬಿಟ್ಟು ಇಟ್ಟ. ಸೂಪರ್‌ವೈಸರ್ ತಲೆಯಾಡಿಸಿದ.

ಅಜ್ಜ ಒಂದರಲ್ಲಿ ಮಲಗಿ ನೋಡಿದ, ಅಜ್ಜಿ ಇನ್ನೊಂದರಲ್ಲಿ. ಅಜ್ಜ ಕೈ ಚಾಚಿದ. ಎಟುಕಲಿಲ್ಲ.

"ಕೈ ಹಿಡ್ಕೊಳ್ದೆ ಇವರಿಗೆ ನಿದ್ದೆ ಬರಲ್ಲಪ್ಪ," ಎಂದಳು ಅಜ್ಜಿ, ನಾಚಿಕೊಂಡು.

"ಇರ್ಲಿ ಬಿಡೇ, ಅಭ್ಯಾಸ ಆಗತ್ತೆ," ಎಂದ ಅಜ್ಜ.

ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದರೆ ಎಂದು ಬೀರುಮಾವ ಒಮ್ಮೆ ಸೂಪರ್‌ವೈಸರ್ ಕಡೆ ನೋಡಿದ. ಆದರೂ ಬಗ್ಗಿ ಅಜ್ಜನ ಮಂಚವನ್ನು ಅಜ್ಜನ ಸಮೇತ ಅಜ್ಜಿಯ ಮಂಚದ ಪಕ್ಕಕ್ಕೇ ತಳ್ಳಿದ.

"ಏಯ್, ಅವರು ನಿಯರ್ ಅಂದಿದ್ದು!" ಸೂಪರ್‌ವೈಸರ್ ಕಣ್ಣು ಬಿಟ್ಟ.

"ಗೊತ್ತು ಸಾರ್. ಹೇಳಿದ್ದು ಮಗಳು, ಮಲಗೋರು ಇವರು."

ಸೂಪರ್‌ವೈಸರ್ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಅಜ್ಜ ಅಜ್ಜಿಯ ಬೆರಳು ಹಿಡಿದು ಕಣ್ಣು ಮುಚ್ಚಿಯೇ ಬಿಟ್ಟಿದ್ದ.

"ನಾಳೆಯಿಂದ ತಂಡ ನಿಂದು," ಎಂದ ಸೂಪರ್‌ವೈಸರ್, ದನಿ ತಗ್ಗಿಸಿ. "ಈಗ ಸದ್ದು ಮಾಡ್ದೆ ನಡಿ."

ಮನೆಗೆ ಬಂದವನೇ ಬೀರುಮಾವ ತನ್ನ ಮಂಚಕ್ಕೂ ಹೆಂಡತಿಯ ಮಂಚಕ್ಕೂ ನಡುವೆ ಎಷ್ಟೋ ವರ್ಷದಿಂದ ಇದ್ದ ಹೊಲಿಗೆ ಮಷೀನನ್ನು ಅನಾಮತ್ತಾಗಿ ಎತ್ತಿದ.

"ಅಯ್ಯೋ, ಅದೆಲ್ಲಿಗ್ರೀ?"

"ಗೋಡೆಗೆ ಅಗೇನ್ಸ್ಟ್," ಎಂದ.