ಇಪ್ಪತ್ತೆರಡನೇ ಕಂತು

ನಮ್ಮ ಟೈಪಿಂಗ್ ಟೀಚರ್ ಬೆರಳ ತುದಿಗಳು ಕಾರ್ಬನ್ನಿನಿಂದ ಸದಾ ನೀಲಿ. ತಪ್ಪು ಹೊಡೆದವಳ ಕಿವಿ ಹಿಂಡಿದರೆ ಕಿವಿಯೂ ನೀಲಿ. ಆ ಕಿವಿ ಹೊತ್ತು ಸಾಗರದ ಪೇಟೆಯಲ್ಲಿ ಎಷ್ಟು ಸಂಜೆ ತಲೆ ತಗ್ಗಿಸಿ ನಡೆದಿದ್ದೇನೋ ನಾನು! "ಕೀಲಿ ನೋಡ್ಬೇಡ, ಕಾಗದ ನೋಡು" ಎನ್ನುವುದು ಅವರ ದಿನದ ಮಂತ್ರ.

ಅರವತ್ತರ ದಶಕದ ನಡುವಿನಲ್ಲಿ ಎರಡು ಯಂತ್ರಗಳಿಗಾಗಿ ಅವರು ಸಾಹುಕಾರನೊಬ್ಬನಿಂದ ಸಾವಿರದಿನ್ನೂರು ರೂಪಾಯಿ ಸಾಲ ತಂದಿದ್ದರು. ತಿಂಗಳಿಗೆ ಅರವತ್ತೆರಡರಂತೆ ಇಪ್ಪತ್ತನಾಲ್ಕು ಕಂತು. ಅವರ ತಾಯಿ ತೀರಿಕೊಂಡ ತಿಂಗಳು ಕಂತು ನಾಲ್ಕು ದಿನ ತಡವಾಯಿತು. ಆ ಪುಣ್ಯಾತ್ಮ ತರಗತಿಯ ನಡುವೆಯೇ ಬಂದು, ನಾನು ಹೊಡೆಯುತ್ತಿದ್ದ ಯಂತ್ರವನ್ನು ಹಾಳೆಯ ಸಮೇತ ಹೊರಿಸಿಕೊಂಡು ಹೋದ. ಟೀಚರ್ ಬಳೆ ಮಾರಿ ಬಿಡಿಸಿ ತಂದರು. ಅಳಲಿಲ್ಲ. ಕರಾರುಪತ್ರ ತೆಗೆದು ಓದಲು ಕೂತರು.

ಬಡ್ಡಿ ತಿಂಗಳಿಗೆ ನೂರಕ್ಕೊಂದು, ಅದೂ ಉಳಿದ ಅಸಲಿಗೆ ಮಾತ್ರ ಎಂದು ಅದರಲ್ಲಿತ್ತು. ಅವನೋ ಪ್ರತಿ ತಿಂಗಳೂ ಪೂರ್ತಿ ಸಾವಿರದಿನ್ನೂರಕ್ಕೇ ಬಡ್ಡಿ ಮುರಿದುಕೊಳ್ಳುತ್ತಿದ್ದ. ಟೀಚರ್ ನಮಗೆ ಬಿಡಿಸಿ ಹೇಳಿದರು. ಮೊದಲ ಕಂತಿನಲ್ಲಿ ಹನ್ನೆರಡು ಬಡ್ಡಿಗೆ, ಐವತ್ತು ಅಸಲಿಗೆ. ಮುಂದಿನ ತಿಂಗಳು ಅಸಲು ಸಾವಿರದ ನೂರೈವತ್ತು, ಬಡ್ಡಿ ಹನ್ನೊಂದೂವರೆ. ಕಂತು ಅಷ್ಟೇ ಇದ್ದರೂ ಒಳಗೆ ಬಡ್ಡಿ ಇಳಿಯುತ್ತ, ಅಸಲಿನ ಪಾಲು ಏರುತ್ತ ಹೋಗಬೇಕು. ಹಾಗೆ ಹೋದರೆ ಇಪ್ಪತ್ತೆರಡನೇ ಕಂತಿನಲ್ಲಿ, ಬರೀ ಮೂವತ್ತೆಂಟು ರೂಪಾಯಿ ಚಿಲ್ಲರೆಗೆ, ಸಾಲ ಚುಕ್ತಾ. ಇದಕ್ಕೆ ಅಮಾರ್ಟೈಸೇಶನ್ ಅಂತಾರೆ ಎಂದು ಅದನ್ನೇ ತಲೆಬರಹ ಹೊಡೆಸಿದರು.

ಪರೀಕ್ಷೆಗೆ ಕೋಷ್ಟಕ ಹೊಡೆಯುವ ಅಭ್ಯಾಸ ಇದ್ದೇ ಇತ್ತಲ್ಲ, ಅಂದಿನಿಂದ ದಿನಾ ಇದೇ ಲೆಕ್ಕ. ಒಬ್ಬೊಬ್ಬಳಿಗೂ ಮೂರು ಕಾರ್ಬನ್ ಪ್ರತಿ. ಆನಂದಪುರದವಳು, ರಿಪ್ಪನ್‌ಪೇಟೆಯವಳು ತಂತಮ್ಮ ಊರಿಗೆ ಒಯ್ದು, ಅವನಲ್ಲಿ ಸಾಲ ಮಾಡಿದವರಿಗೆ ಕೊಡಬೇಕು. ಎರಡೇ ತಿಂಗಳಲ್ಲಿ ಅವನ ಬಾಗಿಲಿಗೆ ನೀಲಿ ಹಾಳೆ ಹಿಡಿದ ಜನ ಬಂದು ನಿಂತರು. ನನ್ನ ಹೊಟ್ಟೆ ತಣ್ಣಗಾಯಿತು.

ಇಪ್ಪತ್ತೆರಡನೇ ಕಂತಿಗೆ ಟೀಚರ್ ಮೂವತ್ತೆಂಟು ರೂಪಾಯಿ ಚಿಲ್ಲರೆ ಕಟ್ಟಿ ನಿಲ್ಲಿಸಿದ ಮೇಲೆ ಸಾಹುಕಾರ ನಮ್ಮ ತರಗತಿಯ ಮಹಡಿ ಹತ್ತಿ ಬಂದ. ನಿಮ್ಮ ಸಾಲ ಮುಗಿದಿದೆ ಅಂತ ಬರೆದು ಕೊಡ್ತೀನಿ, ಹಾಳೆ ಹಂಚೋದು ನಿಲ್ಲಿಸಿ ಎಂದು ಬೇಡಿದ. ಟೀಚರ್ ನನ್ನನ್ನು ಎಬ್ಬಿಸಿ ಕುರ್ಚಿ ತೋರಿಸಿದರು.

"ಕೂತ್ಕಳಿ. ನೀವು ಹೊತ್ಕೊಂಡು ಹೋಗಿದ್ದು ಇದೇ ಯಂತ್ರ ಅಲ್ವಾ? ಈ ಕೋಷ್ಟಕದ ಇಪ್ಪತ್ತೆರಡು ಸಾಲೂ ನೀವೇ ಹೊಡೀರಿ. ತಪ್ಪಿದ್ರೆ ಮೊದಲಿಂದ."

ಒಂದೇ ಬೆರಳಲ್ಲಿ ಅಕ್ಷರ ಹುಡುಕುತ್ತ ಬೆವತ. ನಾಲ್ಕನೇ ಸಾಲಿಗೇ ತಪ್ಪಿದ. ಟೀಚರ್ ಹಾಳೆ ಎಳೆದು ಹೊಸದು ಹಾಕಿದರು. ಹನ್ನೆರಡು ಹುಡುಗಿಯರು ಸುತ್ತ ನಿಂತು ನೋಡಿದೆವು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಸಾಲಿನಲ್ಲಿ 'ಬಾಕಿ ಇಲ್ಲ' ಎಂದು ಹೊಡೆದು ಸಹಿ ಹಾಕಿದ. ಹಾಳೆ ಹಂಚುವುದನ್ನು ಟೀಚರ್ ಆಮೇಲೂ ನಿಲ್ಲಿಸಲಿಲ್ಲ.

ನನಗೆ ತೀರ್ಥಹಳ್ಳಿಯ ಕಚೇರಿಯಲ್ಲಿ ಸಿಕ್ಕ ಕೆಲಸ ಅವರು ಕಲಿಸಿದ ಬೆರಳಿನದು. ಸಾಹುಕಾರ ಸತ್ತಾಗ ರಜೆಗೆ ಬಂದು ಸಾಗರದಲ್ಲೇ ಇದ್ದೆ, ಹೋಗಲಿಲ್ಲ. ಟೀಚರ್ ಹೋದ ಸುದ್ದಿ ಬಂದಾಗ ಸಿಕ್ಕ ಬಸ್ಸು ಹತ್ತಿದೆ. ಮೀಯಿಸಿ ಮಲಗಿಸಿದ್ದರು. ಬೆರಳು ಇನ್ನೂ ನೀಲಿಯಾಗೇ ಇತ್ತು.